ಆಕಳಗಲ್ಲಿನ ಮೇಲಿದ್ದ ಕೈ

ನಮ್ಮ ಊರಿಗೆ ವಿದ್ಯುತ್ ಕಂಬಗಳು ಬಂದಿದ್ದವು, ತಂತಿ ಇನ್ನೂ ಬಂದಿರಲಿಲ್ಲ. ಆ ಕಂಬಗಳಿಗೆ ಗುರಿಯಿಟ್ಟು ಹುಡುಗರು ಚಿಣಿಪಣಿ ಆಡುತ್ತಿದ್ದರು, ನಾವು ಹುಡುಗಿಯರು ಅವುಗಳ ಬುಡದಲ್ಲಿ ಕೂತು ಗಜಗ ಆಡುತ್ತಿದ್ದೆವು. ನನ್ನ ವಾರಗೆಯವರಿಗೆ ಆ ದಿನಗಳನ್ನು ವಿವರಿಸಿ ಹೇಳಬೇಕಾಗಿಲ್ಲ. ಧಾರವಾಡದಿಂದ ಹೊರಟು ಅಮ್ಮಿನಬಾವಿ ದಾಟಿ, ಕರಿಮಣ್ಣಿನ ಬಂಡಿದಾರಿಯಲ್ಲಿ ಇನ್ನೂ ಎರಡು ಹರದಾರಿ ಹೋದರೆ ನಮ್ಮ ಊರು. ಅಲ್ಲಿ ಒಂದು ಬೇಸಿಗೆಯಲ್ಲಿ, ನನಗೆ ಹನ್ನೊಂದು ತುಂಬಿದ್ದಾಗ, ನಾನು ಒಂದು ಕಲ್ಲನ್ನು ತೊಳೆದೆ. ಅದರ ಮೇಲೆ ಒಂದು ಮಗುವಿನ ಕೈಗುರುತಿತ್ತು. ನೀಲವ್ವ ಎಂಬ ಮುದುಕಿಯ ಸತ್ತುಹೋದ ಮಗನ ಕೈ ಅದು. ನಾನು ತೊಳೆದ ಮೇಲೆ ಅದು ಇರಲಿಲ್ಲ.

ವಿಷಯ ಇಷ್ಟೇ. ಆದರೂ ಕ್ರಮವಾಗಿ ಹೇಳುತ್ತೇನೆ. ಕ್ರಮ ಬಿಟ್ಟು ನನಗೆ ಯಾವ ಕೆಲಸವೂ ಬರುವುದಿಲ್ಲ.

ಅಪ್ಪ ಊರಿನ ಪೋಸ್ಟ್ ಮಾಸ್ತರರು. ನಮ್ಮ ಮನೆಯ ಪಡಸಾಲೆಯೇ ಪೋಸ್ಟ್ ಆಫೀಸು. ಬೆಳಿಗ್ಗೆ ಐದಕ್ಕೆ ಏಳಬೇಕು, ಐದೂವರೆಗೆ ಅಂಗಳದ ಕಸ, ಆರಕ್ಕೆ ಸ್ನಾನ, ಆರೂಕಾಲಿಗೆ ಓದು. ಕಸ ಹೊಡೆಯುವಾಗ ಒಂದು ಮೂಲೆ ಬಿಟ್ಟರೆ ಅಪ್ಪ ಆ ಮೂಲೆಯನ್ನಷ್ಟೇ ಹೊಡೆಸುತ್ತಿರಲಿಲ್ಲ, ಇಡೀ ಅಂಗಳವನ್ನು ಮೊದಲಿನಿಂದ ಹೊಡೆಸುತ್ತಿದ್ದರು. ಶನಿವಾರ ಮಧ್ಯಾಹ್ನ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕುವುದು ನನ್ನ ಪಾಲು. ಮುಖ ಕಾಣುವವರೆಗೆ ತಿಕ್ಕಬೇಕು. ನನ್ನ ಗೆಳತಿ ಶಾಂತಿ ಬೇಲಿಯಾಚೆ ನಿಂತು, "ಸುಮಿ, ನಮ್ಮ ಎಮ್ಮಿ ಮೂರು ದಿನದಿಂದ ಹೊತ್ತಿಗೆ ಸರಿಯಾಗಿ ಹಾಲು ಕೊಡವಲ್ದು. ನಿಮ್ಮಪ್ಪಗ ಹೇಳಿ ಒಂದು ಟೈಮ್ ಟೇಬಲ್ ಬರಸಿಕೊಂಡು ಬಾ" ಎಂದು ಹಂಗಿಸುತ್ತಿದ್ದಳು. ನನಗೇನೂ ಬೇಸರವಾಗುತ್ತಿರಲಿಲ್ಲ. ಅಪ್ಪನ ಹಾಗೆ ಕೆಲಸ ಮಾಡುತ್ತೇನೆ ಎಂಬ ಜಂಬ ನನಗಿತ್ತು.

ಕಟ್ಟಿ ಮಾಸ್ತರರು ನಮ್ಮ ಶಾಲೆಗೆ ಬಂದದ್ದು ಅದರ ಹಿಂದಿನ ವರ್ಷ. ಧಾರವಾಡದವರು, ಮದುವೆಯಾಗದವರು, ತೆಳ್ಳಗೆ ಉದ್ದಕ್ಕೆ ಇದ್ದರು. ಪರೀಕ್ಷೆ ಮುಗಿದ ವಾರ ಅವರು ಊರ ಮನೆಮನೆಗೆ ಹೋಗಿ ಹೇಳಿದರು: ರಜೆಯಲ್ಲಿ ಪ್ರತಿ ರವಿವಾರ ಮಕ್ಕಳನ್ನು ಕಳಿಸಿರಿ, ನೀವೂ ಬನ್ನಿರಿ, ನಮ್ಮ ಊರನ್ನು ನಾವೇ ಓದೋಣ. ಪುಸ್ತಕದಲ್ಲಿ ದಿಲ್ಲಿಯ ಬಾದಶಹರಿದ್ದರು, ಪುಣೆಯ ಪೇಶವೆಗಳಿದ್ದರು. ನಮ್ಮ ಊರಿಗೂ ಒಂದು ಚರಿತ್ರೆ ಇದೆ ಎಂದು ಯಾರೂ ಹೇಳಿರಲಿಲ್ಲ.

ಮೊದಲ ರವಿವಾರ ಹಗ್ಗ ಹಿಡಿದು ಊರ ಬಾವಿಯ ಮೆಟ್ಟಿಲುಗಳನ್ನು ಅಳೆದೆವು. ಎರಡನೆಯ ರವಿವಾರ ಹಿರಿಯರ ಬಾಯಿಂದ ಹೊಲಗಳ ಹೆಸರು ಬರೆದುಕೊಂಡೆವು. ಆಮೇಲೆ ಕಲ್ಲುಗಳ ಸರದಿ. ಹಳೆಯ ಕಲ್ಲಿನ ಮೇಲಿನ ಅಕ್ಷರಗಳನ್ನು ಕಾಗದದ ಮೇಲೆ ತೆಗೆಯುವುದನ್ನು ಮಾಸ್ತರರು ಕಲಿಸಿದರು. ಕಲ್ಲಿಗೆ ನೀರು ಹೊಡೆದು, ತೊಯಿಸಿದ ಹಾಳೆಯನ್ನು ಅಂಟಿಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿಯಬೇಕು. ಹಾಳೆ ಅಕ್ಷರದ ಗುಂಡಿಯೊಳಗೆ ಇಳಿದು ಕೂರುತ್ತದೆ. ಅರ್ಧ ಆರಿದ ಮೇಲೆ ಮಸಿಯ ಗಂಟಿನಿಂದ ಒತ್ತುತ್ತ ಹೋದರೆ ಮೈಯೆಲ್ಲ ಕಪ್ಪಾಗಿ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ.

ಆ ಮಸಿಯನ್ನು ನಾವೇ ತಯಾರಿಸಿದೆವು. ಮನೆಮನೆಯ ಕಂದೀಲಿನ ಗಾಜಿನಿಂದ, ರೊಟ್ಟಿಹಂಚಿನ ತಳದಿಂದ ಕಾಡಿಗೆ ಕೆರೆದು ತಂದು, ಜಾಲಿಯ ಅಂಟು ನೆನೆಹಾಕಿ, ಕಲ್ಲಿನಲ್ಲಿ ಅರೆದೆವು. ಹಳೆಯ ಸೀರೆಯ ಚೂರಿನೊಳಗೆ ಹತ್ತಿ ತುಂಬಿ ಗಂಟು ಕಟ್ಟಿಕೊಟ್ಟವರು ತಾಯಂದಿರು. ಸೀಮೆಎಣ್ಣೆ, ಅಂಟು, ಬೇವಿನ ಹೂವು ಮೂರರ ವಾಸನೆ ಕೂಡಿ ಆ ರಜೆಯ ವಾಸನೆಯಾಯಿತು. ಹನ್ನೊಂದಕ್ಕೆ ಬುತ್ತಿ ಬಿಚ್ಚುತ್ತಿದ್ದರು. ಕಟಿರೊಟ್ಟಿ, ಶೇಂಗಾ ಚಟ್ನಿ, ಮೊಸರು, ಕಡಿಯಲು ಉಳ್ಳಾಗಡ್ಡಿ. ಎಷ್ಟು ತೊಳೆದರೂ ಕೈಯ ಮಸಿ ಹೋಗದೆ ರೊಟ್ಟಿಗೂ ಹತ್ತುತ್ತಿತ್ತು.

"ಮಾಸ್ತರ, ಕಲ್ಲಿಗೆಲ್ಲಾ ಕಾಡಿಗಿ ಹಚ್ಚಿ ಸಿಂಗಾರ ಮಾಡಾಕತ್ತೀರಿ. ನಿಮ್ಮ ಲಗ್ನ ಯಾವಾಗರಿ?" ಎಂದು ಶಾಂತಿಯ ಅವ್ವ ಕೇಳಿದರೆ ಉಳಿದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

"ಮೊದಲ ಇವು ಮಾತಾಡಲಿ ತಡೀರಿ ಅಕ್ಕಾರ," ಎನ್ನುತ್ತಿದ್ದರು ಮಾಸ್ತರರು. "ಸಾವಿರ ವರ್ಷ ಆತು ಬಾಯಿ ಮುಚ್ಚಿಕೊಂಡು."

ಕೆಲಸಕ್ಕೆ ಅವರು ನಿಯಮ ಹಾಕಿದ್ದರು. ಕಲ್ಲು ಯಾರದು ಎಂದು ಕೇಳಬೇಕು. ನೀರು, ಬ್ರಷ್ಷು ಬಿಟ್ಟು ಬೇರೇನನ್ನೂ ಮುಟ್ಟಿಸಬಾರದು. ಎಲ್ಲರ ಪರವಾಗಿ ಅವನ್ನು ವಹಿಯಲ್ಲಿ ದುಂಡಗೆ ಬರೆದವಳು ನಾನೇ. ಯಾರು ನೀರು ತರಬೇಕು, ಯಾರು ಹಾಳೆ ಹಿಡಿಯಬೇಕು ಎಂಬ ಪಟ್ಟಿಯೂ ನನ್ನದೇ.

ಊರಿನ ದೊಡ್ಡ ಶಾಸನ ಕೆರೆಯ ದಂಡೆಯ ಮೇಲೆ ಬೇವಿನ ಗಿಡದ ಕೆಳಗಿತ್ತು. ಆಳೆತ್ತರದ ಕಲ್ಲು. ತಲೆಯ ಮೇಲೆ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲುಣಿಸುವ ಆಕಳು. ಅದಕ್ಕೇ ಊರವರು ಆಕಳಗಲ್ಲು ಎನ್ನುತ್ತಿದ್ದರು. ಅದರ ಕೆಳಗೆ ಸಾಲುಸಾಲಾಗಿ ಅಕ್ಷರ. ಮೊಣಕಾಲೆತ್ತರದಿಂದ ಬುಡದವರೆಗೆ ಮಾತ್ರ ಎಣ್ಣೆಯ ಜಿಡ್ಡು ಬೆರಳು ದಪ್ಪ ಕೂತು ಅಕ್ಷರ ಕಾಣುತ್ತಿರಲಿಲ್ಲ. ಆ ಎಣ್ಣೆ ನೀಲವ್ವ ಆಯಿಯದು. ನಮ್ಮಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ; ಅವಳು ಊರಿಗೇ ಆಯಿ. ಗಂಡನಿಲ್ಲ, ಮಕ್ಕಳಿಲ್ಲ, ಕಣ್ಣಿನಲ್ಲಿ ಹೂ ಬಿದ್ದು ಮಂಜು. ಪ್ರತಿ ಅಮಾವಾಸ್ಯೆಗೆ ತನ್ನ ಹೊಲದ ಅಗಸಿಯ ಎಣ್ಣೆ ತಂದು ಕಲ್ಲಿಗೆ ಹಚ್ಚುವುದು ಅವರ ಮನೆತನದಲ್ಲಿ ನಡೆದುಬಂದದ್ದು.

ಮಾಸ್ತರರು ನಮ್ಮನ್ನು ಕರೆದುಕೊಂಡು ಅವಳ ಮನೆಗೆ ಹೋಗಿ ಕೇಳಿದರು.

"ಆಗ್ಲೆಪಾ," ಎಂದಳು ಆಯಿ. "ನಾ ಎಣ್ಣಿ ಹಚ್ಚತೇನಿ, ನೀವು ಮಸಿ ಹಚ್ಚರಿ. ಕಲ್ಲಿನ್ಯಾಗಿನ ದೇವರು ಯಾರಿಗೂ ಬ್ಯಾಡ ಅನ್ನೂದಿಲ್ಲ. ಆದ್ರ ಮ್ಯಾಲಿನ ಅಕ್ಷರ ಅಷ್ಟ ತಗೋರಿ. ಕೆಳಗ ಮುಟ್ಟಬ್ಯಾಡ್ರಿ."

"ಮುಟ್ಟೂದಿಲ್ಲ ಆಯಿ," ಎಂದರು ಮಾಸ್ತರರು. ಯಾಕೆ ಎಂದು ಕೇಳಲಿಲ್ಲ. ದಾರಿಯಲ್ಲಿ ನಮಗೆ ಹೇಳಿದರು: "ಕೆಳಗಿನ ಸಾಲು ಬಿಡೂಣು. ಅದು ಆಯೀದು."

ಇದು ಬುಧವಾರ. ರವಿವಾರ ಇಡೀ ಊರು ಸೇರುವುದಿತ್ತು. ನನಗೆ ನಿದ್ದೆಯಲ್ಲೂ ಆ ಕಲ್ಲೇ. ಅರ್ಧ ಕಲ್ಲಿನ ಹಾಳೆ, ಅರ್ಧ ಮಾತು. ಆಯಿಗೆ ಕಾಣುವುದಿಲ್ಲ, ತೊಳೆಯುವ ಕಸುವಿಲ್ಲ, ಅದಕ್ಕೇ ಬೇಡವೆಂದಿರಬೇಕು ಎಂದು ನಾನೇ ಲೆಕ್ಕ ಹಾಕಿದೆ. ತೊಳೆದುಕೊಟ್ಟರೆ ಅವಳಿಗೂ ಖುಷಿ, ಮಾಸ್ತರರಿಗೂ ಖುಷಿ.

ಶನಿವಾರ ಪಾತ್ರೆ ತಿಕ್ಕಿ ಮುಗಿಸಿ, ಅಪ್ಪ ಮಲಗಿದ ಮೇಲೆ, ಒಂದು ಬಿಂದಿಗೆ ಬಿಸಿನೀರು, ಬಟ್ಟೆ ಒಗೆಯುವ ಸೋಡಾ, ಇಟ್ಟಂಗಿ ಪುಡಿ, ತೆಂಗಿನ ಜುಂಗು ಹಿಡಿದು ಹೊರಟೆ. ಶಾಂತಿಯನ್ನೂ ಎಳೆದುಕೊಂಡು ಹೋದೆ. ಬಿಸಿಲಿಗೆ ಕೆರೆಯ ದಂಡೆಯಲ್ಲಿ ನರಪಿಳ್ಳೆ ಇರಲಿಲ್ಲ. ಬಿಸಿನೀರು ಬಿದ್ದೊಡನೆ ಜಿಡ್ಡು ಕರಗಿ ಕಂದು ಬಣ್ಣದ ನೊರೆಯಾಗಿ ಇಳಿಯಿತು. ಅಗಸಿ ಎಣ್ಣೆಯ ಹಳಸಲು ವಾಸನೆ ಮೂಗಿಗೆ ಹೊಡೆಯಿತು. ಜಿಡ್ಡಿನ ನಡುವೆ ಒಂದು ಕಡೆ ಮಾತ್ರ ಎಣ್ಣೆ ಹಚ್ಚದೆ ಬಿಟ್ಟ ಜಾಗವಿತ್ತು. ಅಲ್ಲಿ ಕೆಮ್ಮಣ್ಣಿನ ಬಣ್ಣದಲ್ಲಿ ಒಂದು ಪುಟ್ಟ ಅಂಗೈ, ಐದೂ ಬೆರಳು ಬಿಡಿಸಿ ಒತ್ತಿದ್ದು.

"ಸುಮಿ, ಯಾರ್ದೋ ಕೈ ಐತಿ ನೋಡಿಲ್ಲೆ," ಎಂದಳು ಶಾಂತಿ.

ನಾನು ಅದರ ಮೇಲೆ ನನ್ನ ಕೈ ಇಟ್ಟು ನೋಡಿದೆ. ಅದರ ನಡುಬೆರಳು ನನ್ನ ನಡುಬೆರಳಿನ ಮೇಲಿನ ಗೆರೆಯವರೆಗೆ ಬರುತ್ತಿತ್ತು.

"ಯಾವ್ದೋ ಸಣ್ಣ ಹುಡುಗೂರು ಕಿತಬಿ ಮಾಡ್ಯಾವ," ಎಂದೆ.

"ಇದೊಂದು ಬಿಡೂಣೇನ? ಮಾಸ್ತರು ಕೆಳಗ ಮುಟ್ಟಬ್ಯಾಡ ಅಂದಾರ."

"ಅಲ್ಲೊಂದು ಅಲ್ಲೊಂದು ಬಿಟ್ರ ಹೊಲಸು ಕಾಣತೈತಿ. ನೀರು ಹಾಕು."

ಕೆಮ್ಮಣ್ಣು ಸುಲಭಕ್ಕೆ ಬಿಡಲಿಲ್ಲ. ಮಿಕ್ಕೆಲ್ಲಕ್ಕಿಂತ ಹೆಚ್ಚು ಹೊತ್ತು, ಹೆಚ್ಚು ಕಸುವು ಹಾಕಿ ತಿಕ್ಕಿದ್ದು ಅದನ್ನೇ. ಕೊನೆಗೆ ಇಟ್ಟಂಗಿ ಪುಡಿಗೆ ಬಿಟ್ಟಿತು. ಕೆಳಗೆ ಅಕ್ಷರಗಳು ಹೊಸದಾಗಿ ಕಡೆದ ಹಾಗೆ ಎದ್ದು ನಿಂತವು.

ರವಿವಾರ ಬೆಳಿಗ್ಗೆ ಮಾಸ್ತರರು ಬಂದವರು ಕಲ್ಲಿನ ಮುಂದೆ ನಿಂತರು. ನಾನು ಹೊಗಳಿಕೆಗೆ ಕಾದೆ.

"ಯಾರು ತೊಳದ್ರು?"

"ನಾನರೀ. ನಾನೂ ಶಾಂತೀನೂ."

ಅವರು ನನ್ನ ಮುಖ ನೋಡಿದರು. ಜನ ಸೇರುತ್ತಿದ್ದರು. ಮಕ್ಕಳು ನೀರು ತಂದಿದ್ದರು, ಹಾಳೆ ತೊಯ್ದಿತ್ತು. ಅವರು ನಿಧಾನವಾಗಿ ಹಾಳೆ ಅಂಟಿಸಿ ಬಡಿಯತೊಡಗಿದರು. ಮೇಲಿನ ಸಾಲಿಗೆ ಮಸಿ ಒತ್ತುತ್ತಿದ್ದಾಗ ನೀಲವ್ವ ಆಯಿ ಬಂದಳು. ಎಲ್ಲರೂ ಬಂದಿದ್ದಾರೆಂದು ಅವಳೂ ಒಂದು ಬಟ್ಟಲು ಎಣ್ಣೆ ಹಿಡಿದುಕೊಂಡು, ಮಡಿ ಸೀರೆ ಉಟ್ಟು ಬಂದಿದ್ದಳು. ಕಣ್ಣಿಗೆ ಕಾಣದ್ದನ್ನು ಅವಳು ಬೆರಳಿನಿಂದ ನೋಡುತ್ತಿದ್ದಳು. ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹಾಳೆಯ ಅಂಚಿನ ಕೆಳಗೆ ಕೈಯಾಡಿಸಿದಳು. ಇನ್ನೂ ಕೆಳಗೆ ಆಡಿಸಿದಳು. ಆಮೇಲೆ ಪಕ್ಕಕ್ಕೆ. ಮತ್ತೆ ಮೊದಲಿನ ಜಾಗಕ್ಕೆ.

"ಎಣ್ಣಿ ಎಲ್ಲಿ ಹೋತು?"

"ನಾನ ತೊಳದೇನಿ ಆಯಿ," ಎಂದೆ ನಾನು. ಆಗಲೂ ನನ್ನ ದನಿಯಲ್ಲಿ ಜಂಬವೇ ಇತ್ತು. "ಬಿಸಿನೀರು, ಸೋಡಾ ಹಾಕಿ. ಲಕಲಕಾ ಆಗೇತಿ."

"ಇಲ್ಲೊಂದು ಕೈ ಇತ್ತವಾ."

ನಾನು ಶಾಂತಿಯ ಕಡೆ ನೋಡಿದೆ.

"ಕೆಂಪಂದು. ಸಣ್ಣದು. ಕೈ ಇತ್ತಲ್ಲ, ಅದು?"

ಯಾರೋ ಬ್ರಷ್ಷು ಬಡಿಯುವುದನ್ನು ನಿಲ್ಲಿಸಿದರು. ನಮ್ಮವ್ವ ಮುಂದೆ ಬಂದು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದು ಪಿಸುದನಿಯಲ್ಲಿ ಹೇಳಿದಳು. ಆಯಿಯ ಮನೆತನದಲ್ಲಿ ಮಗುವನ್ನು ಶಾಲೆಗೆ ಹಾಕುವ ದಿನ ಕೆಮ್ಮಣ್ಣನ್ನು ಅಗಸಿ ಎಣ್ಣೆಯಲ್ಲಿ ಕಲಸಿ, ಮಗುವಿನ ಅಂಗೈಗೆ ಹಚ್ಚಿ, ಆಕಳಗಲ್ಲಿಗೆ ಒತ್ತಿಸುತ್ತಿದ್ದರು. ಹಳಬರ ಕೈಗಳೆಲ್ಲ ಎಣ್ಣೆಯೊಳಗೆ ಮುಚ್ಚಿಹೋಗಿದ್ದವು. ಆಯಿಯ ಒಬ್ಬನೇ ಮಗ ಈರಣ್ಣ ಕೈ ಒತ್ತಿದ ವರ್ಷವೇ, ಮಳೆಗಾಲದಲ್ಲಿ, ಜ್ವರ ಬಂದು ಹೋಗಿಬಿಟ್ಟ. ಅವನಾದ ಮೇಲೆ ಇನ್ನೊಬ್ಬರು ಕೈ ಒತ್ತುವವರು ಹುಟ್ಟಲಿಲ್ಲ. ಅಷ್ಟು ವರ್ಷ ಅವಳು ಆ ಕೈಯನ್ನು ಬಿಟ್ಟು ಸುತ್ತಲೂ ಎಣ್ಣೆ ಹಚ್ಚುತ್ತ ಬಂದಿದ್ದಳು. ಆ ಹುಡುಗನ ಫೋಟೋ ಇರಲಿಲ್ಲ. ನಮ್ಮ ಊರಲ್ಲಿ ಆಗ ಯಾರದೂ ಇರಲಿಲ್ಲ.

ಕಟ್ಟಿ ಮಾಸ್ತರರು ಮಸಿಯ ಗಂಟನ್ನು ಕೆಳಗಿಟ್ಟರು. "ಆಯಿ, ತಪ್ಪು ನಂದು. ಹುಡುಗೂರಿಗೆ ನಾ ಸರಿಯಾಗಿ ತಿಳಿಸಿ ಹೇಳಲಿಲ್ಲ," ಎಂದರು. ಅದು ಸುಳ್ಳು ಎಂದು ನನಗೂ ಶಾಂತಿಗೂ ಗೊತ್ತಿತ್ತು.

ಆಯಿ ಬೈಯಲಿಲ್ಲ, ಅಳಲಿಲ್ಲ. ಅದೇ ಜಾಗದ ಮೇಲೆ ಮತ್ತೆ ಮತ್ತೆ ಬೆರಳಾಡಿಸುತ್ತ ಕೂತಳು. ಬಿಸಿಲು ಏರುತ್ತಿತ್ತು. ಹಾಳೆ ಪೂರ್ತಿ ಒಣಗಿ ಅಂಚುಗಳು ಮುರುಟತೊಡಗಿದವು. ಅದರ ಚರಚರ ಸಪ್ಪಳ ಅವಳಿಗೆ ಕೇಳಿಸಿರಬೇಕು.

"ತಗೀರಿ ಮಾಸ್ತರ," ಎಂದಳು. "ಹಾಳಿ ಹರದೀತು."

ಅಂದು ನಾನು ಮಾಡಿದ ಇನ್ನೊಂದು ತಪ್ಪನ್ನೂ ಬರೆದುಬಿಡುತ್ತೇನೆ. ಸಂಜೆ ಒಂದು ಹಿಡಿ ಕೆಮ್ಮಣ್ಣು ಕಲಸಿಕೊಂಡು ಆಯಿಯ ಮನೆಗೆ ಹೋದೆ. "ಆಯಿ, ನಾ ಕೈ ಒತ್ತತೇನಿ. ಬೆರಳು ಮಡಚಿ ಸಣ್ಣದ ಮಾಡತೇನಿ," ಎಂದೆ.

"ಅದು ನಿನ್ನ ಕೈ ಆಗತೈತಲ್ಲವಾ," ಎಂದಳು. ಅಷ್ಟೇ ಅಂದು ಒಳಗೆ ಹೋದಳು.

ಕೆಳಗಿನ ಸಾಲುಗಳಲ್ಲಿ ಏನಿತ್ತು ಎಂದು ಒಂದು ವಾರದ ಮೇಲೆ ಮಾಸ್ತರರನ್ನು ಕೇಳಿದೆ. ಅಷ್ಟಾದರೂ ದೊಡ್ಡದು ಸಿಕ್ಕಿರಬಹುದು ಎಂಬ ಆಸೆ. ಆ ಸಾಲುಗಳನ್ನು ಅವರು ಅಚ್ಚು ತೆಗೆಯದೆ ಕಣ್ಣಿನಿಂದಲೇ ಓದಿ ಬರೆದುಕೊಂಡಿದ್ದರು; ಆ ಹಾಳೆಯನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟು ತೋರಿಸಿದರು. ಈ ಧರ್ಮವನ್ನು ಕೆಡಿಸಿದವರು ಗಂಗೆಯ ತಡಿಯಲ್ಲಿ ಆಕಳನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಎಂದಿತ್ತು.

"ಇದು ಎಲ್ಲಾ ಶಾಸನದ ಕೊನಿಗೂ ಇರತದ, ಸುಮಿತ್ರಾ," ಎಂದರು. "ಈ ಭಾಗದಾಗ ನೂರಾರು ಕಲ್ಲಿನ ಮ್ಯಾಲೆ ಇದ ಮಾತದ. ಹೊಸಾದೇನಿಲ್ಲ."

ಅವರು ಗದರಿಸಿ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರು. ನೂರಾರು ಕಡೆ ಇರುವುದನ್ನು ಓದಲು ಒಂದೇ ಕಡೆ ಇದ್ದದ್ದನ್ನು ಅಳಿಸಿದ್ದೆ ಎಂದು ನನಗೆ ಅರ್ಥವಾಗಲು ಅಷ್ಟು ಸಾಕಾಯಿತು.

ಆಮೇಲೆ ಎರಡು ರವಿವಾರ ನಡೆದವು. ತಾಯಂದಿರು ಬರುವುದು ಕಡಿಮೆಯಾಯಿತು, ಬುತ್ತಿಯ ಮುಂದಿನ ನಗೆ ನಿಂತಿತು. ಮಳೆ ಬಂತು, ಶಾಲೆ ಸುರುವಾಯಿತು. ಮುಂದಿನ ರಜೆಯಲ್ಲಿ ಮಾಸ್ತರರು ಯಾರನ್ನೂ ಕರೆಯಲಿಲ್ಲ.

ಅಪ್ಪ ನನ್ನನ್ನು ಹೊಡೆಯಲಿಲ್ಲ. ಅವರು ಕೊಟ್ಟದ್ದು ಇನ್ನೊಂದು ವೇಳೆ. "ದಿನಾ ಸಂಜಿ ಐದಕ್ಕ ಆಯೀ ಮನಿಗೆ ಎರಡು ಕೊಡ ನೀರು ಹಾಕಬೇಕು. ಒಂದು ದಿನಾನೂ ತಪ್ಪಬಾರದು," ಎಂದರು. ಎಷ್ಟು ದಿನ ಎಂದು ನಾನೂ ಕೇಳಲಿಲ್ಲ.

ಮೊದಲ ತಿಂಗಳು ಆಯಿ ನನ್ನೊಡನೆ ಮಾತಾಡಲಿಲ್ಲ. ನಾನು ನೀರು ಸುರಿದು ಬರುತ್ತಿದ್ದೆ. ಒಂದು ಸಂಜೆ ಕೊಡ ಇಳಿಸಿದ ಮೇಲೆ, "ಬಾ ಇಲ್ಲೆ" ಎಂದಳು. ನನ್ನ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. "ನೀ ತಿಕ್ಕೂ ಮುಂದ ನೋಡಿದ್ದಿ ಹೌದಿಲ್ಲ?"

"ಹೌದು ಆಯಿ."

"ನನಗ ಕಣ್ಣು ಹೋಗಿ ಎಂಟು ವರ್ಷಾತು. ಬೆರಳಿಗೆ ಅಷ್ಟ ಗೊತ್ತಿತ್ತು. ಎಷ್ಟಿತ್ತು, ತೋರಿಸು."

ನಾನು ಅವಳ ಬೆರಳನ್ನು ಹಿಡಿದು ನನ್ನ ನಡುಬೆರಳಿನ ಮೇಲಿನ ಗೆರೆಯ ಮೇಲೆ ಇಟ್ಟೆ. "ಇಲ್ಲಿತನಕ."

ಅವಳು ಅಂಗೈಯಿಂದ ಆ ಗೆರೆಯವರೆಗೆ ಮಾತ್ರ ಸವರಿದಳು. ಗೆರೆಯ ಆಚೆಗಿನ ನನ್ನ ಬೆರಳನ್ನು ಮುಟ್ಟಲಿಲ್ಲ. ಅಂದಿನಿಂದ ಅದು ನಮ್ಮಿಬ್ಬರ ರೂಢಿಯಾಯಿತು. ದಿನಾ ಅಲ್ಲ, ಅಮಾವಾಸ್ಯೆಯ ಸಂಜೆ, ಕೆಲವು ಸಲ ಸುಮ್ಮನೆ ಮಳೆ ಹಿಡಿದ ದಿನ. ಕೈ ಬಿಡುವಾಗ ಒಂದು ಚೂರು ಬೆಲ್ಲ ಇಟ್ಟು ಬೆರಳು ಮುಚ್ಚುತ್ತಿದ್ದಳು. ಈರಣ್ಣ ಬೆಲ್ಲ ಕದಿಯುತ್ತಿದ್ದ, ಏನು ಹಿಡಿದರೂ ಬೀಳಿಸುತ್ತಿದ್ದ, ರಾತ್ರಿ ನಿದ್ದೆಯಲ್ಲಿ ಎತ್ತುಗಳನ್ನು ಹೆಸರು ಹಿಡಿದು ಕರೆಯುತ್ತಿದ್ದ ಎಂದೆಲ್ಲ ಹಾಗೆ ನನಗೆ ತಿಳಿಯಿತು.

ಹೈಸ್ಕೂಲಿಗೆ ನಾನು ಧಾರವಾಡಕ್ಕೆ ಹೋಗಿ ಹಾಸ್ಟೆಲ್ಲಿನಲ್ಲಿ ಉಳಿದೆ. ಅಲ್ಲಿಯ ಗಂಟೆಗಳು ಅಪ್ಪನ ಗಡಿಯಾರಕ್ಕಿಂತ ಕಟ್ಟುನಿಟ್ಟು, ನನಗೆ ಕಷ್ಟವಾಗಲಿಲ್ಲ. ರಜೆಗೆ ಬಂದಾಗಲೆಲ್ಲ ಆಯಿಯ ಮನೆಗೆ ಹೋಗಿ ನೀರು ತುಂಬುತ್ತಿದ್ದೆ. ಅವಳು ಕೇಳುತ್ತಿದ್ದಳು, ನಾನು ಅದೇ ಗೆರೆ ತೋರಿಸುತ್ತಿದ್ದೆ. ಮೂರನೆಯ ವರ್ಷದ ದಸರೆ ರಜೆ ಇರಬೇಕು. ಅವಳು ಸವರುತ್ತ ಸವರುತ್ತ ನಿಲ್ಲಿಸಿದಳು. ನನಗೂ ಆಗಲೇ ಹೊಳೆಯಿತು. ಗೆರೆ ಅದೇ ಇತ್ತು, ಆದರೆ ನನ್ನ ಕೈ ಬೆಳೆದಿತ್ತು. ನಾನು ತೋರಿಸುತ್ತಿದ್ದದ್ದು ಆರು ವರ್ಷದ ಹುಡುಗನ ಕೈ ಆಗಿ ಉಳಿದಿರಲಿಲ್ಲ. ಸರಿಯಾದ ಅಳತೆ ಎಲ್ಲಿಗೆ ಬರುತ್ತದೆ ಎಂದು ಹೇಳಲು ನನ್ನ ಹತ್ತಿರ ಬೇರೆ ಯಾವ ಗುರುತೂ ಇರಲಿಲ್ಲ.

"ಆಯಿ, ಅದು..." ಎಂದು ಸುರು ಮಾಡಿದೆ.

"ದೊಡ್ಡಂವ ಆಗ್ಯಾನ," ಎಂದಳು ಆಯಿ. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಹತ್ತು, ಹನ್ನೊಂದರ ಹುಡುಗನ ಕೈ ಇದು. ಇರಲಿ ಬಿಡು. ಬೆಳೀಲಿ."

ನಾನು ಕಾಲೇಜಿನಲ್ಲಿದ್ದಾಗ ಅವಳು ತೀರಿಕೊಂಡಳು. ಅಪ್ಪ ಕಾರ್ಡು ಬರೆದಿದ್ದರು. ಎರಡು ಸಾಲು; ಎರಡನೆಯ ಸಾಲಿನಲ್ಲಿ, ನೀರಿನ ಕೆಲಸ ಮುಗಿಯಿತು ಎಂದಿತ್ತು.

ಈಗ ನಾನು ಕೇಶ್ವಾಪುರದಲ್ಲಿದ್ದೇನೆ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಕಲಿಸಿ ನಿವೃತ್ತಳಾದೆ. ನಮ್ಮ ಓಣಿಯ ಎಳೆಯ ತಂದೆತಾಯಿಗಳು ರವಿವಾರ ಮಕ್ಕಳನ್ನು ಹಳೆಯ ಗುಡಿ, ಬಾವಿ, ಕೋಟೆ ತೋರಿಸಲು ಕರೆದುಕೊಂಡು ಹೋಗುತ್ತಾರೆ. ಕಾಗದ, ಬಣ್ಣದ ಕಡ್ಡಿ ಕೊಟ್ಟು ಕಲ್ಲಿನ ಅಚ್ಚು ತೆಗೆಸುತ್ತಾರೆ. ಒಳ್ಳೆಯ ಕೆಲಸ. ಹೋದ ಚಳಿಗಾಲದಲ್ಲಿ ನಮ್ಮ ಊರಿಗೇ ಹೊರಟಿದ್ದರು, ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಆಕಳಗಲ್ಲಿಗೆ ಕಬ್ಬಿಣದ ಬೇಲಿ ಬಂದಿದೆ, ಬೇವಿನ ಗಿಡ ಹೋಗಿದೆ. ಎಣ್ಣೆ ಹಚ್ಚುವವರಿಲ್ಲ. ಕಲ್ಲು ಬುಡದವರೆಗೆ ಸ್ವಚ್ಛವಾಗಿದೆ, ಕೊನೆಯ ಸಾಲನ್ನು ಯಾರು ಬೇಕಾದರೂ ಓದಬಹುದು. ಆಯಿಯ ಮನೆ ಇದ್ದ ಕಡೆ ಯಾರೋ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ನೀಲವ್ವ ಎಂದರೆ ಊರಲ್ಲಿ ಯಾರಿಗೂ ಗುರುತು ಹತ್ತಲಿಲ್ಲ.

ಮಕ್ಕಳು ಅಚ್ಚು ತೆಗೆಯುತ್ತಿದ್ದಾಗ ನಾನು ಬೇಲಿ ಹಿಡಿದುಕೊಂಡು ಬುಡದ ಆ ಜಾಗವನ್ನು ನೋಡುತ್ತ ನಿಂತೆ. ಈರಣ್ಣನ ಕೈಯನ್ನು ಕಣ್ಣಾರೆ ಕಂಡು ಈಗ ಉಳಿದವಳು ನಾನೊಬ್ಬಳೇ. ಶಾಂತಿ ಹೋಗಿ ಎರಡು ವರ್ಷವಾಯಿತು. ಕೆಂಪು ಕಣ್ಣಿಗೆ ಕಟ್ಟುತ್ತದೆ, ಬಿಡಿಸಿದ ಐದು ಬೆರಳು ಕಣ್ಣಿಗೆ ಕಟ್ಟುತ್ತವೆ. ಆದರೆ ಹೆಬ್ಬೆರಳು ಯಾವ ಕಡೆಗಿತ್ತು, ಅದು ಎಡಗೈಯೋ ಬಲಗೈಯೋ ಎಂದು ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ. ಆಯಿ ಅದೊಂದನ್ನು ನನ್ನನ್ನು ಎಂದೂ ಕೇಳಿರಲಿಲ್ಲ. ಯಾವ ಕೈ ಎಂದು ಅವಳಿಗೆ ಗೊತ್ತಿತ್ತು.